ಬ್ಯಾಕೆಂಡ್ ಇಂಟರ್‌ವ್ಯೂ: ಮೂರನೇ ಪ್ರಶ್ನೆಗೆ ಯಾಕೆ ತಡವರಿಸುತ್ತೀರಿ?

ಪ್ರಶ್ನೆ: ನಾಲ್ಕು ವರ್ಷದಿಂದ ಬ್ಯಾಕೆಂಡ್ (ಸರ್ವರ್ ಕಡೆಯ) ಕೆಲಸ ಮಾಡುತ್ತಿದ್ದೇನೆ. ಭಾಷೆ ಜಾವಾ, ಫ್ರೇಮ್‌ವರ್ಕ್ ಸ್ಪ್ರಿಂಗ್ ಬೂಟ್, ಡೇಟಾಬೇಸ್ ಪೋಸ್ಟ್‌ಗ್ರೆಸ್. ಈಗ ಕೆಲಸ ಬದಲಾಯಿಸಬೇಕು ಅಂತ ಇಂಟರ್‌ವ್ಯೂ ಕೊಡುತ್ತಿದ್ದೇನೆ. ಕೋಡಿಂಗ್ ರೌಂಡ್ ದಾಟುತ್ತದೆ. ಅದಾದ ಮೇಲಿನ ಟೆಕ್ನಿಕಲ್ ರೌಂಡ್‌ನಲ್ಲೋ ಸಿಸ್ಟಮ್ ಡಿಸೈನ್‌ನಲ್ಲೋ ನಿಂತುಬಿಡುತ್ತೇನೆ. ವಿಡಿಯೋ ನೋಡಿ ಹತ್ತಾರು ಡಿಸೈನ್ ಬಾಯಿಪಾಠ ಮಾಡಿದ್ದೇನೆ. ಆದರೂ ‘ಆಳಕ್ಕೆ ಹೋಗಲಿಲ್ಲ’ ಅಂತಲೇ ಫೀಡ್‌ಬ್ಯಾಕ್ ಬರುತ್ತದೆ. ಇನ್ನೇನು ಓದಬೇಕು? ಜಾವಾ ಬಿಟ್ಟು ಗೋ ಭಾಷೆ ಕಲಿಯಬೇಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕೋಡಿಂಗ್ ಪಜಲ್ ಬಿಡಿಸುವುದನ್ನು ನಿಲ್ಲಿಸಿ. ಆ ರೌಂಡ್ ದಾಟುತ್ತಿದ್ದೀರಲ್ಲ, ಅಷ್ಟು ಸಾಕು. ಡಿಸೈನ್ ವಿಡಿಯೋಗಳನ್ನೂ ಸ್ವಲ್ಪ ದಿನ ಪಕ್ಕಕ್ಕಿಡಿ. ನೀವು ಓದಬೇಕಾದ್ದು ನಿಮ್ಮ ಆಫೀಸಿನ ಕೋಡ್‌ನಲ್ಲೇ ಬಿದ್ದಿದೆ, ಅದನ್ನು ಇನ್ನೊಂದು ಮೆಟ್ಟಿಲು ಕೆಳಗಿಳಿದು ನೋಡಿಲ್ಲ ಅಷ್ಟೇ.

ಇಂಟರ್‌ವ್ಯೂ ಮಾಡುವ ಕಡೆ ಕೂತು ನೋಡಿದವರಿಗೆ ಇದು ಗೊತ್ತು. ಮೊದಲ ಪ್ರಶ್ನೆಗೆ ಬಹುತೇಕ ಎಲ್ಲರೂ ಚೆನ್ನಾಗೇ ಉತ್ತರ ಕೊಡುತ್ತಾರೆ. ‘ಓದುವ ಲೋಡ್ ಜಾಸ್ತಿ ಇತ್ತು, ರೆಡಿಸ್ ಹಾಕಿದೆವು.’ (ರೆಡಿಸ್ ಇಲ್ಲಿ ಕ್ಯಾಶ್, ಅಂದರೆ ಮತ್ತೆ ಮತ್ತೆ ಬೇಕಾಗುವ ಡೇಟಾದ ಪ್ರತಿಯನ್ನು ಮೆಮೊರಿಯಲ್ಲಿಟ್ಟು ಬೇಗ ಕೊಡುವ ಜಾಗ.) ಸರಿ. ನಾವು ಕಾದು ಕೂತಿರುವುದು ಅದಕ್ಕಲ್ಲ, ಆಮೇಲಿನ ಎರಡು ಮೂರು ಪ್ರಶ್ನೆಗೆ. ರೆಡಿಸ್ ಬಿದ್ದರೆ ಏನಾಗುತ್ತದೆ? ಡೇಟಾಬೇಸ್‌ನಲ್ಲಿ ಬದಲಾದದ್ದು ಕ್ಯಾಶ್‌ಗೆ ಯಾವಾಗ ಗೊತ್ತಾಗುತ್ತದೆ? ಎಲ್ಲರೂ ಕೇಳುತ್ತಿರುವ ಒಂದು ಕೀ ಕ್ಯಾಶ್‌ನಲ್ಲಿ ಎಕ್ಸ್‌ಪೈರ್ ಆದ ಕ್ಷಣಕ್ಕೆ ಸಾವಿರ ರಿಕ್ವೆಸ್ಟ್ ಒಟ್ಟಿಗೆ ಡೇಟಾಬೇಸ್ ಮೇಲೆ ಬಿದ್ದರೆ? ಇಲ್ಲಿ ಬಾಯಿಪಾಠ ಕೈಕೊಡುತ್ತದೆ, ಯಾಕೆಂದರೆ ವಿಡಿಯೋದಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿರುವ ಚಿತ್ರ ಇರುತ್ತದೆ, ಮತ್ತು ಬ್ಯಾಕೆಂಡ್ ಎಂಜಿನಿಯರ್‌ಗೆ ಸಂಬಳ ಕೊಡುವುದು ಸರಿಯಾಗಿ ನಡೆಯದೇ ಇದ್ದಾಗ ಏನು ಮಾಡಬೇಕು ಅಂತ ಗೊತ್ತಿರುವುದಕ್ಕೆ.

ರೆಸ್ಯೂಮೆಯಿಂದಲೇ ಶುರು ಮಾಡಿ. ‘ಆರ್ಡರ್ ಎಪಿಐ ಪರ್ಫಾರ್ಮೆನ್ಸ್ ಶೇ. 40 ಸುಧಾರಿಸಿದೆ’ ಅಂತ ಒಂದು ಸಾಲು ಇದೆ ಅಂದುಕೊಳ್ಳೋಣ. ಎಲ್ಲರ ರೆಸ್ಯೂಮೆಯಲ್ಲೂ ಇಂಥದ್ದೊಂದು ಇರುತ್ತದೆ, ಅಲ್ವಾ? ಇದನ್ನು ನೋಡಿದ ತಕ್ಷಣ ನನಗೆ ಕೇಳಬೇಕು ಅನಿಸುವುದು: ಯಾವುದರ 40? ಸರಾಸರಿಯದಾ, ಪಿ99ದ್ದಾ (ನೂರರಲ್ಲಿ 99 ರಿಕ್ವೆಸ್ಟ್ ಇಷ್ಟರೊಳಗೆ ಮುಗಿಯುತ್ತವೆ ಅನ್ನುವ ಸಮಯ)? ಸರಾಸರಿ 80 ಮಿಲಿಸೆಕೆಂಡ್ ಇದ್ದೂ ನೂರರಲ್ಲಿ ಒಬ್ಬ ಬಳಕೆದಾರ 4 ಸೆಕೆಂಡ್ ಕಾಯುತ್ತಿರಬಹುದು. ಅಳೆದದ್ದು ಯಾವುದರಿಂದ? ನಿಧಾನ ಆಗುತ್ತಿದ್ದುದು ಎಲ್ಲಿ ಅಂತ ಹೇಗೆ ಗೊತ್ತಾಯಿತು? ಕ್ಯಾಶ್ ಹಾಕುವ ಮುಂಚೆ ಆ ಕ್ವೆರಿಯ ಎಕ್ಸ್‌ಪ್ಲೇನ್ ಅನಲೈಜ್ ಔಟ್‌ಪುಟ್ (ಡೇಟಾಬೇಸ್ ಆ ಕ್ವೆರಿಯನ್ನು ಹೇಗೆ ಓಡಿಸಿತು, ಸಮಯ ಎಲ್ಲಿ ಹೋಯಿತು ಅನ್ನುವ ವಿವರ) ನೋಡಿದಿರಾ? ತುಂಬಾ ಸಲ ಅಲ್ಲಿ ಬೇಕಾಗಿದ್ದುದು ಒಂದು ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಅಷ್ಟೇ ಆಗಿರುತ್ತದೆ. ಪೋಸ್ಟ್‌ಗ್ರೆಸ್ ಫಾರಿನ್ ಕೀ ಕಾಲಮ್‌ಗೆ (ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವ ಕಾಲಮ್) ತಾನಾಗಿ ಇಂಡೆಕ್ಸ್ ಮಾಡುವುದಿಲ್ಲ. ಮೈಎಸ್‌ಕ್ಯುಎಲ್‌ನ ಸ್ಟೋರೇಜ್ ಎಂಜಿನ್ ಇನ್ನೋಡಿಬಿ ಮಾಡುತ್ತದೆ. ಅಲ್ಲಿಂದ ಇಲ್ಲಿಗೆ ಬಂದವರು ಇದನ್ನು ಮರೆತು, ಜಾಯಿನ್ ನಿಧಾನ ಅಂತ ಮುಂದೆ ಕ್ಯಾಶ್ ಕಟ್ಟಿ, ಆಮೇಲೆ ಆ ಕ್ಯಾಶ್ ಸರಿಯಿಟ್ಟುಕೊಳ್ಳಲು ಇನ್ನೊಂದು ಸರ್ವಿಸ್ ಬರೆದಿರುವುದೂ ಉಂಟು.

ರೆಸ್ಯೂಮೆಯ ಪ್ರತಿ ಸಾಲಿಗೂ ಹೀಗೆ ನಾಲ್ಕು ಪ್ರಶ್ನೆ ನೀವೇ ಹಾಕಿಕೊಳ್ಳಿ. ಉತ್ತರ ಇಲ್ಲದ ಸಾಲು ಇದ್ದರೆ ಎರಡೇ ದಾರಿ. ಹುಡುಕಿ ತಿಳಿದುಕೊಳ್ಳಿ, ಇಲ್ಲ ಆ ಸಾಲು ತೆಗೆದುಬಿಡಿ. ಟೀಮಿನ ಬೇರೆಯವರು ಕಾಫ್ಕಾ (ಸರ್ವಿಸ್‌ಗಳ ನಡುವೆ ಮೆಸೇಜ್ ಸಾಗಿಸುವ ವ್ಯವಸ್ಥೆ) ಸೆಟಪ್ ಮಾಡಿದ್ದನ್ನು ನೀವು ಬರೆದುಕೊಂಡರೆ, ಇಡೀ ಮುಕ್ಕಾಲು ಗಂಟೆ ಕಾಫ್ಕಾ ಮೇಲೇ ಹೋಗಬಹುದು.

ಈಗ ಡೇಟಾಬೇಸ್‌ಗೆ ಬರೋಣ. ನಿಮ್ಮ ಅನುಭವದವರು ಜಾಸ್ತಿ ಸೋಲುವುದು ಇಲ್ಲಿ. ಒಂದೇ ಉದಾಹರಣೆ ಹಿಡಿದು ಪೂರ್ತಿ ಕೆಳಗೆ ಹೋಗೋಣ, ಇಂಟರ್‌ವ್ಯೂನಲ್ಲಿ ಹೇಗೆ ಹೋಗುತ್ತದೋ ಹಾಗೆ.

ಸ್ಟಾಕ್‌ನಲ್ಲಿ ಒಂದೇ ಐಟಂ ಉಳಿದಿದೆ. ಇಬ್ಬರು ಒಂದೇ ಹೊತ್ತಿಗೆ ಖರೀದಿ ಬಟನ್ ಒತ್ತಿದರು. ಏನು ಮಾಡುತ್ತೀರಿ?

ಸಾಮಾನ್ಯ ಉತ್ತರ: ‘ಸ್ಟಾಕ್ ಓದುತ್ತೇನೆ, ಸೊನ್ನೆಗಿಂತ ಜಾಸ್ತಿ ಇದ್ದರೆ ಒಂದು ಕಳೆದು ಸೇವ್ ಮಾಡುತ್ತೇನೆ. ಮೆಥಡ್ ಮೇಲೆ ಟ್ರಾನ್ಸಾಕ್ಷನಲ್ ಅನೋಟೇಶನ್ ಹಾಕುತ್ತೇನೆ.’ ಟ್ರಾನ್ಸಾಕ್ಷನ್ ಅಂದರೆ ಒಳಗಿನ ಹೆಜ್ಜೆಗಳೆಲ್ಲ ಒಟ್ಟಿಗೆ ಕಮಿಟ್ ಆಗಬೇಕು, ಇಲ್ಲ ಯಾವುದೂ ಆಗಬಾರದು. ಅನೋಟೇಶನ್ ಹಾಕಿದ ತಕ್ಷಣ ಸಮಸ್ಯೆ ಮುಗಿಯಿತು ಅಂದುಕೊಳ್ಳುವವರು ಬಹಳ. ಮುಗಿಯುವುದಿಲ್ಲ. ಒಟ್ಟಿಗೆ ಓಡುವ ಟ್ರಾನ್ಸಾಕ್ಷನ್‌ಗಳಲ್ಲಿ ಒಂದರ ಕೆಲಸ ಇನ್ನೊಂದಕ್ಕೆ ಎಷ್ಟು ಕಾಣಬೇಕು ಅನ್ನುವುದೇ ಐಸೊಲೇಶನ್ ಲೆವೆಲ್. ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ರೀಡ್ ಕಮಿಟೆಡ್, ಬೇರೆಯವರದ್ದು ಕಮಿಟ್ ಆದದ್ದಷ್ಟೇ ಕಾಣುತ್ತದೆ. ಎರಡೂ ಟ್ರಾನ್ಸಾಕ್ಷನ್ 1 ಅಂತ ಓದುತ್ತವೆ, ಎರಡೂ 0 ಅಂತ ಬರೆಯುತ್ತವೆ, ಎರಡೂ ಕಮಿಟ್ ಆಗುತ್ತವೆ. ಒಂದು ಐಟಂ, ಎರಡು ಗಿರಾಕಿ. ಎರರ್ ಎಲ್ಲೂ ಬರಲಿಲ್ಲ.

ಸರಿಯಾದ ಉತ್ತರ ಮೂರು ಇವೆ, ಮೂರೂ ಗೊತ್ತಿರಬೇಕು. ಒಂದು, ಓದಿ ಆಮೇಲೆ ಬರೆಯುವ ಬದಲು ಒಂದೇ ಅಪ್‌ಡೇಟ್‌ನಲ್ಲಿ ಮುಗಿಸುವುದು: ಸ್ಟಾಕ್‌ನಿಂದ ಒಂದು ಕಳೆ, ಆದರೆ ಸ್ಟಾಕ್ ಸೊನ್ನೆಗಿಂತ ಜಾಸ್ತಿ ಇರುವ ರೋಗೆ (ಟೇಬಲ್‌ನ ಸಾಲಿಗೆ) ಮಾತ್ರ. ಎರಡನೆಯವನ ಅಪ್‌ಡೇಟ್ ಮೊದಲನೆಯವನ ಲಾಕ್ ಬಿಡುವವರೆಗೆ ಕಾಯುತ್ತದೆ, ಬಿಟ್ಟ ಮೇಲೆ ಹೊಸ ಸ್ಟಾಕ್ ಸಂಖ್ಯೆಯ ಮೇಲೆ ಆ ವೇರ್ ಕಂಡಿಷನ್ ಮತ್ತೆ ನೋಡುತ್ತದೆ, ಎಷ್ಟು ರೋ ಬದಲಾಯಿತು ಅಂದರೆ ಸೊನ್ನೆ ಅನ್ನುತ್ತದೆ. ಸೊನ್ನೆ ಬಂದರೆ ‘ಮುಗಿದುಹೋಗಿದೆ’ ಅಂತ ಹೇಳಿ ಕಳಿಸಿ. ಎರಡು, ಸೆಲೆಕ್ಟ್ ಫಾರ್ ಅಪ್‌ಡೇಟ್ ಹಾಕಿ ಓದುವಾಗಲೇ ಲಾಕ್ ಹಿಡಿಯುವುದು. ಓದುವುದಕ್ಕೂ ಬರೆಯುವುದಕ್ಕೂ ನಡುವೆ ಕೋಡ್‌ನಲ್ಲಿ ಲೆಕ್ಕಾಚಾರ ಇದ್ದರೆ ಇದು ಬೇಕು. ಮೂರು, ವರ್ಷನ್ ಕಾಲಮ್ ಇಟ್ಟು, ನಾನು ಓದಿದ ವರ್ಷನ್ ಇನ್ನೂ ಹಾಗೇ ಇದ್ದರೆ ಮಾತ್ರ ಬರೆ ಅನ್ನುವುದು. ಜಗಳ ಕಡಿಮೆ ಇರುವ ಕಡೆ ಇದು ಚೆನ್ನ. ಒಂದೇ ಐಟಂಗೆ ಸಾವಿರ ಜನ ಮುಗಿಬೀಳುವ ಕಡೆ ಇದನ್ನು ಹಾಕಿದರೆ ಬರೀ ರೀಟ್ರೈಗಳೇ ಓಡುತ್ತಿರುತ್ತವೆ.

ಇಲ್ಲಿ ಜಾಣ ಅಭ್ಯರ್ಥಿ ‘ಐಸೊಲೇಶನ್ ಅನ್ನು ರಿಪೀಟಬಲ್ ರೀಡ್‌ಗೆ ಏರಿಸುತ್ತೇನೆ’ (ಟ್ರಾನ್ಸಾಕ್ಷನ್ ಮುಗಿಯುವವರೆಗೆ ಮೊದಲು ಓದಿದ್ದೇ ಕಾಣುವ ಲೆವೆಲ್) ಅನ್ನಬಹುದು. ಸರಿ, ಯಾವ ಡೇಟಾಬೇಸ್‌ನಲ್ಲಿ? ಪೋಸ್ಟ್‌ಗ್ರೆಸ್‌ನಲ್ಲಿ ಎರಡನೇ ಟ್ರಾನ್ಸಾಕ್ಷನ್‌ಗೆ ಸೀರಿಯಲೈಜೇಶನ್ ಎರರ್ ಬರುತ್ತದೆ, ನೀವು ಅದನ್ನು ಹಿಡಿದು ಮೊದಲಿನಿಂದ ಮತ್ತೆ ಓಡಿಸಬೇಕು. ಇನ್ನೋಡಿಬಿಯಲ್ಲಿ ರಿಪೀಟಬಲ್ ರೀಡ್ ಡೀಫಾಲ್ಟೇ. ಆದರೆ ಅಲ್ಲಿ ಸಾದಾ ಸೆಲೆಕ್ಟ್ ಹಳೇ ಸ್ನ್ಯಾಪ್‌ಶಾಟ್ ತೋರಿಸುತ್ತದೆ, ಅಪ್‌ಡೇಟ್ ಮಾತ್ರ ಹೊಸ ರೋ ಮೇಲೆ ನಡೆಯುತ್ತದೆ, ಹಾಗಾಗಿ ಈ ಓದಿ-ಕಳೆದು-ಬರೆಯುವ ತಪ್ಪು ಸದ್ದಿಲ್ಲದೆ ದಾಟಿಹೋಗುತ್ತದೆ. ಹೆಸರು ಒಂದೇ, ನಡವಳಿಕೆ ಬೇರೆ. ಇಷ್ಟು ಹೇಳಿದರೆ ಎದುರು ಕೂತವರು ಪೆನ್ನು ಕೆಳಗಿಟ್ಟು ನಿಮ್ಮನ್ನು ನೋಡುತ್ತಾರೆ.

ಮುಂದಿನ ಪ್ರಶ್ನೆ ಬಂದೇ ಬರುತ್ತದೆ: ಪೇಮೆಂಟ್ ಎಲ್ಲಿ? ಸ್ಟಾಕ್ ಲಾಕ್ ಹಿಡಿದುಕೊಂಡೇ ಪೇಮೆಂಟ್ ಗೇಟ್‌ವೇಗೆ ಕಾಲ್ ಮಾಡಿದರೆ, ಅವರು ಎರಡು ಸೆಕೆಂಡ್ ತೆಗೆದುಕೊಂಡರೆ ಆ ಎರಡು ಸೆಕೆಂಡೂ ಆ ರೋ ಲಾಕ್ ಆಗಿರುತ್ತದೆ, ಒಂದು ಡೇಟಾಬೇಸ್ ಕನೆಕ್ಷನ್ನೂ ಸುಮ್ನೆ ಹಿಡಿದಿಟ್ಟಂತೆ. ಹಾಗಾಗಿ ಮೊದಲು ಐಟಂ ಕಾಯ್ದಿರಿಸಿ ಕಮಿಟ್ ಮಾಡಿ, ಅದಕ್ಕೊಂದು ಎಕ್ಸ್‌ಪೈರಿ ಸಮಯ ಹಾಕಿ. ಆಮೇಲೆ ಟ್ರಾನ್ಸಾಕ್ಷನ್ ಹೊರಗೆ ಪೇಮೆಂಟ್. ಆಮೇಲೆ ಇನ್ನೊಂದು ಸಣ್ಣ ಟ್ರಾನ್ಸಾಕ್ಷನ್‌ನಲ್ಲಿ ಕನ್ಫರ್ಮ್. ದುಡ್ಡು ಕೊಡದೆ ಹೋದವರ ಐಟಂ ಎಕ್ಸ್‌ಪೈರಿ ಆದ ಮೇಲೆ ವಾಪಸ್ ಬರಬೇಕು.

ಅದಾದ ಮೇಲೆ ನಿಜವಾದ ಪ್ರಶ್ನೆ. ಪೇಮೆಂಟ್ ಕಾಲ್ ಟೈಮ್‌ಔಟ್ ಆಯಿತು. ದುಡ್ಡು ಕಟ್ ಆಯಿತಾ ಇಲ್ಲವಾ?

‘ಫೇಲ್ ಅಂತ ತೋರಿಸುತ್ತೇನೆ’ ಅಂದರೆ ತಪ್ಪು. ‘ಮತ್ತೆ ಕಾಲ್ ಮಾಡುತ್ತೇನೆ’ ಅಂದರೂ ತಪ್ಪು, ಎರಡು ಸಲ ಕಟ್ ಆಗಬಹುದು. ಟೈಮ್‌ಔಟ್ ಅಂದರೆ ಆಗಿದೆಯೋ ಇಲ್ಲವೋ ತಿಳಿಯದು ಅಂತ ಅಷ್ಟೇ. ಅದಕ್ಕೇ ಐಡೆಂಪೊಟೆನ್ಸಿ ಕೀ. ಐಡೆಂಪೊಟೆನ್ಸಿ ಅಂದರೆ ಎಷ್ಟು ಸಲ ಮಾಡಿದರೂ ಒಂದೇ ಸಲ ಮಾಡಿದಂತಿರುವುದು. ಕಾಲ್ ಮಾಡುವ ಮುಂಚೆಯೇ ಒಂದು ಕೀ ಸೃಷ್ಟಿಸಿ ನಿಮ್ಮ ಡೇಟಾಬೇಸ್‌ನಲ್ಲಿ ಬರೆದಿಟ್ಟುಕೊಳ್ಳಿ, ಎಷ್ಟು ಸಲ ಕಾಲ್ ಮಾಡಿದರೂ ಅದೇ ಕೀ ಕಳಿಸಿ, ಆಚೆಯವರು ಆ ಕೀ ಮೊದಲೇ ನೋಡಿದ್ದರೆ ಹಳೇ ಫಲಿತಾಂಶವನ್ನೇ ವಾಪಸ್ ಕೊಡುತ್ತಾರೆ. ನೀವೇ ಆಚೆ ಕಡೆ ಇದ್ದರೆ? ಆ ಕೀ ಮೇಲೆ ಯುನೀಕ್ ಕನ್‌ಸ್ಟ್ರೇಂಟ್ (ಒಂದೇ ಕೀ ಎರಡು ಸಲ ಸೇರಲು ಡೇಟಾಬೇಸ್ ಬಿಡದ ನಿಯಮ) ಹಾಕಿ. ‘ಮೊದಲು ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಇನ್ಸರ್ಟ್ ಮಾಡುತ್ತೇನೆ’ ಅಂದರೆ ಮತ್ತೆ ಅದೇ ಸ್ಟಾಕ್ ತಪ್ಪಿಗೆ ಬಂದಿರಿ. ಎಚ್‌ಟಿಟಿಪಿಯಲ್ಲಿ ಗೆಟ್, ಪುಟ್, ಡಿಲೀಟ್ ಐಡೆಂಪೊಟೆಂಟ್, ಪೋಸ್ಟ್ ಅಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದು ಯಾಕೆ ಮುಖ್ಯ ಅಂತ ಕೇಳಿದರೆ ಈ ಟೈಮ್‌ಔಟ್ ಕಥೆ ಹೇಳಿ.

ನೋಡಿ, ಒಂದು ಐಟಂ ಮಾರುವ ಸಣ್ಣ ಪ್ರಶ್ನೆ ಎಲ್ಲಿಗೆ ಬಂತು ಅಂತ. ನಿಮ್ಮ ಫೀಡ್‌ಬ್ಯಾಕ್‌ನಲ್ಲಿ ಬರೆದಿರುವುದು ಇದನ್ನೇ. ಇದಕ್ಕೆ ಹೊಸ ಟೆಕ್ನಾಲಜಿ ಒಂದೂ ಬೇಕಾಗಲಿಲ್ಲ.

ಸ್ಪ್ರಿಂಗ್ ಬಳಸುತ್ತೀರಿ ಅಂದಿದ್ದಕ್ಕೆ ಇನ್ನೆರಡು ಮಾತು. ಒಂದೇ ಕ್ಲಾಸಿನ ಒಳಗಿನ ಮೆಥಡ್ ಇನ್ನೊಂದು ಮೆಥಡ್ ಕರೆದರೆ ಆ ಎರಡನೆಯದರ ಮೇಲಿನ ಟ್ರಾನ್ಸಾಕ್ಷನಲ್ ಅನೋಟೇಶನ್ ಕೆಲಸ ಮಾಡುವುದಿಲ್ಲ, ಯಾಕೆಂದರೆ ಕರೆ ಪ್ರಾಕ್ಸಿ (ಟ್ರಾನ್ಸಾಕ್ಷನ್ ಶುರು ಮಾಡಲು ಸ್ಪ್ರಿಂಗ್ ಕ್ಲಾಸಿನ ಮುಂದೆ ನಿಲ್ಲಿಸುವ ಮಧ್ಯವರ್ತಿ) ಮೂಲಕ ಹೋಗುವುದೇ ಇಲ್ಲ. ಮತ್ತೆ, ಡೀಫಾಲ್ಟ್ ಆಗಿ ರೋಲ್‌ಬ್ಯಾಕ್ (ಮಾಡಿದ ಬದಲಾವಣೆ ರದ್ದು) ಆಗುವುದು ರನ್‌ಟೈಮ್ ಎಕ್ಸೆಪ್ಶನ್ ಮತ್ತು ಎರರ್‌ಗಳಿಗೆ ಮಾತ್ರ. ಚೆಕ್ಡ್ ಎಕ್ಸೆಪ್ಶನ್ ಎಸೆದರೆ ಅರ್ಧ ಕೆಲಸ ಕಮಿಟ್ ಆಗಿ ಕೂತಿರುತ್ತದೆ. ಸ್ಪ್ರಿಂಗ್‌ನಲ್ಲಿ ನಾಲ್ಕು ವರ್ಷ ಅಂತ ಬರೆದವರನ್ನು ಈ ಎರಡನ್ನು ಕೇಳದೆ ಬಿಡುವವರು ಕಡಿಮೆ.

ಇನ್ನೊಂದು ಜಾಗ ಹತ್ತಿರದಿಂದ ತೋರಿಸುತ್ತೇನೆ. ಕನೆಕ್ಷನ್ ಪೂಲ್, ಅಂದರೆ ಮೊದಲೇ ತೆರೆದಿಟ್ಟು ರಿಕ್ವೆಸ್ಟ್‌ಗಳು ಸರದಿಯಲ್ಲಿ ಬಳಸುವ ಡೇಟಾಬೇಸ್ ಕನೆಕ್ಷನ್‌ಗಳ ಗುಂಪು. ಇದನ್ನು ಯಾರೂ ಓದಿಕೊಂಡು ಬರುವುದಿಲ್ಲ. ಪ್ರೊಡಕ್ಷನ್‌ನಲ್ಲಿ ರಾತ್ರಿ ಎಬ್ಬಿಸಿ ಕೂರಿಸುವುದು ಮಾತ್ರ ಇದೇ.

ಸ್ಪ್ರಿಂಗ್ ಬೂಟ್ ಬಳಸುವ ಹಿಕಾರಿ ಪೂಲ್‌ನ ಡೀಫಾಲ್ಟ್ ಗಾತ್ರ 10. ರಿಕ್ವೆಸ್ಟ್ ಸ್ವೀಕರಿಸುವ ವೆಬ್ ಸರ್ವರ್ ಟಾಮ್‌ಕ್ಯಾಟ್‌ನ ಡೀಫಾಲ್ಟ್ ಥ್ರೆಡ್ 200. ಪ್ರತಿ ರಿಕ್ವೆಸ್ಟ್ ಡೇಟಾಬೇಸ್ ಕನೆಕ್ಷನ್ ಅನ್ನು 50 ಮಿಲಿಸೆಕೆಂಡ್ ಹಿಡಿದರೆ, 10 ಕನೆಕ್ಷನ್‌ನಲ್ಲಿ ಸೆಕೆಂಡಿಗೆ 200 ರಿಕ್ವೆಸ್ಟ್ ದಾಟುತ್ತವೆ. ನಿಮಗೆ ಬರುತ್ತಿರುವುದು 100. ಆರಾಮ. ಒಂದು ದಿನ ಟೇಬಲ್ ದೊಡ್ಡದಾಗಿ ಒಂದು ಕ್ವೆರಿಯ ಪ್ಲಾನ್ ಬದಲಾಯಿತು, 50 ಇದ್ದದ್ದು 500 ಮಿಲಿಸೆಕೆಂಡ್ ಆಯಿತು. ಈಗ ದಾಟುವುದು ಸೆಕೆಂಡಿಗೆ 20 ಮಾತ್ರ. ಬರುತ್ತಿರುವುದು 100. ಪ್ರತಿ ಸೆಕೆಂಡ್ 80 ಬಾಕಿ ಉಳಿಯುತ್ತವೆ. ಎರಡು ಮೂರು ಸೆಕೆಂಡಿನಲ್ಲಿ 200 ಥ್ರೆಡ್ಡೂ ಭರ್ತಿ. ಕನೆಕ್ಷನ್‌ಗಾಗಿ ಕ್ಯೂನಲ್ಲಿ ನಿಂತ ಥ್ರೆಡ್ ಒಂದೊಂದೂ ಹತ್ತಿರ ಹತ್ತಿರ 10 ಸೆಕೆಂಡ್ ಕಾಯುತ್ತದೆ. ಹಿಕಾರಿ ಡೀಫಾಲ್ಟ್ ಆಗಿ 30 ಸೆಕೆಂಡ್ ತನಕ ಸುಮ್ಮನಿರುತ್ತದೆ, ಹಾಗಾಗಿ ಲಾಗ್‌ನಲ್ಲಿ ಎರರ್ ಕೂಡ ಇಲ್ಲ. ಅಪ್ಲಿಕೇಶನ್‌ನ ಸಿಪಿಯು ನೋಡಿದರೆ ಖಾಲಿ. ಹೆಲ್ತ್ ಚೆಕ್‌ಗೂ ಥ್ರೆಡ್ ಸಿಗುವುದಿಲ್ಲ, ಸರ್ವರ್‌ಗಳಿಗೆ ಟ್ರಾಫಿಕ್ ಹಂಚುವ ಲೋಡ್ ಬ್ಯಾಲೆನ್ಸರ್ ಇದು ಸತ್ತಿದೆ ಅಂತ ತೀರ್ಮಾನ ಮಾಡಿ ಟ್ರಾಫಿಕ್ ಎಲ್ಲ ಪಕ್ಕದ ಸರ್ವರ್‌ಗೆ ತಳ್ಳುತ್ತದೆ, ಈಗ ಅದಕ್ಕೂ ಅದೇ ಗತಿ. ಇತ್ತ ಕ್ಲೈಂಟ್‌ಗಳು ಕಾದು ಬೇಸತ್ತು ರೀಟ್ರೈ ಮಾಡುತ್ತಿರುತ್ತವೆ.

‘ಪೂಲ್ ಸೈಜ್ 50 ಮಾಡುತ್ತೇನೆ’ ಅನ್ನುವುದು ಮೊದಲು ಹೊಳೆಯುವ ಉತ್ತರ. ಪೋಸ್ಟ್‌ಗ್ರೆಸ್‌ನ ಮ್ಯಾಕ್ಸ್ ಕನೆಕ್ಷನ್ಸ್ ಡೀಫಾಲ್ಟ್ 100. ನಿಮ್ಮದು ನಾಲ್ಕು ಇನ್‌ಸ್ಟನ್ಸ್ ಇದ್ದರೆ 200 ಕೇಳುತ್ತಿದ್ದೀರಿ. ಜೊತೆಗೆ ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ ಒಂದು ಪ್ರತ್ಯೇಕ ಪ್ರೊಸೆಸ್, ಪುಕ್ಕಟೆ ಅಲ್ಲ. ಮೇಲಿನ ಲೆಕ್ಕಕ್ಕೆ ಲಿಟಲ್ಸ್ ಲಾ ಅನ್ನುತ್ತಾರೆ. ಜಾನ್ ಲಿಟಲ್ 1961ರಲ್ಲಿ ಸಾಬೀತು ಮಾಡಿದ್ದು: ವ್ಯವಸ್ಥೆಯೊಳಗೆ ಒಂದು ಹೊತ್ತಿಗೆ ಇರುವವರ ಸಂಖ್ಯೆ ಅಂದರೆ ಬರುವ ವೇಗ ಗುಣಿಸು ಒಬ್ಬೊಬ್ಬರೂ ಒಳಗಿರುವ ಸಮಯ. ಈ ಒಂದು ಗುಣಾಕಾರ ಬಂದರೆ ಅರ್ಧ ಸಿಸ್ಟಮ್ ಡಿಸೈನ್ ಪ್ರಶ್ನೆಗಳಿಗೆ ನೀವು ಊಹೆ ಬಿಟ್ಟು ಲೆಕ್ಕದಲ್ಲಿ ಮಾತಾಡಬಹುದು.

ಸಿಸ್ಟಮ್ ಡಿಸೈನ್‌ಗೇ ಬಂದೆವು. ಪ್ರಶ್ನೆ ಕೇಳಿದ ಕೂಡಲೇ ಬಾಕ್ಸ್ ಬರೆಯಲು ಶುರು ಮಾಡಬೇಡಿ. ಲೋಡ್ ಬ್ಯಾಲೆನ್ಸರ್, ಎಪಿಐ ಗೇಟ್‌ವೇ, ಐದು ಮೈಕ್ರೋಸರ್ವಿಸ್, ಮಧ್ಯೆ ಕಾಫ್ಕಾ, ಮೂಲೆಯಲ್ಲಿ ರೆಡಿಸ್. ಇದೇ ಚಿತ್ರವನ್ನು ಬೆಳಿಗ್ಗೆ ಬಂದವರೂ ಬರೆದುಹೋಗಿರುತ್ತಾರೆ. ಮೊದಲು ಕೇಳಿ. ಎಷ್ಟು ಬಳಕೆದಾರರು, ಓದುವುದು ಜಾಸ್ತಿಯಾ ಬರೆಯುವುದಾ, ಡೇಟಾ ಕಳೆದುಹೋದರೆ ಪರವಾಗಿಲ್ಲವಾ, ಎರಡು ಸೆಕೆಂಡ್ ಹಳೇ ಮಾಹಿತಿ ತೋರಿಸಿದರೆ ನಡೆಯುತ್ತದಾ. ಬೇಕೆಂದೇ ಪ್ರಶ್ನೆಯನ್ನು ಅರ್ಧಂಬರ್ಧ ಕೊಟ್ಟಿರುತ್ತಾರೆ.

ಆಮೇಲೆ ಲೆಕ್ಕ. ದಿನಕ್ಕೆ 1 ಕೋಟಿ ರಿಕ್ವೆಸ್ಟ್ ಅಂದರೆ ಕೇಳುವುದಕ್ಕೆ ಭಯ ಆಗುತ್ತದೆ. ದಿನಕ್ಕೆ 86,400 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ ಸುಮಾರು 116. ಪೀಕ್ ಹೊತ್ತಿಗೆ ಐದು ಪಟ್ಟು ಅಂದುಕೊಂಡರೂ 600 ದಾಟುವುದಿಲ್ಲ. ಸರಿಯಾಗಿ ಇಂಡೆಕ್ಸ್ ಇರುವ ಒಂದೇ ಪೋಸ್ಟ್‌ಗ್ರೆಸ್, ಸಾಧಾರಣ ಕ್ವೆರಿಗಳಿಗೆ, ಇದನ್ನು ನಿಭಾಯಿಸುತ್ತದೆ. ಒಂದೊಂದು ರೆಕಾರ್ಡ್ 500 ಬೈಟ್ ಇದ್ದು, ಪ್ರತಿ ರಿಕ್ವೆಸ್ಟ್‌ಗೂ ಒಂದು ಉಳಿಸಿದರೆ ದಿನಕ್ಕೆ 5 ಜಿಬಿ, ವರ್ಷಕ್ಕೆ 1.8 ಟಿಬಿ. ಈಗ ಮಾತಾಡಬೇಕಾದ್ದು ಹಳೇ ಡೇಟಾ ಎಲ್ಲಿಗೆ ಸಾಗಿಸಬೇಕು, ಟೇಬಲ್ ಅನ್ನು ತಿಂಗಳ ಪ್ರಕಾರ ಪಾರ್ಟಿಶನ್ ಮಾಡಬೇಕಾ ಅನ್ನುವುದು. ಶಾರ್ಡಿಂಗ್ (ಡೇಟಾವನ್ನು ಹಲವು ಡೇಟಾಬೇಸ್‌ಗೆ ಹಂಚುವುದು) ಬಗ್ಗೆ ಮೊದಲ ಐದು ನಿಮಿಷದಲ್ಲೇ ಮಾತು ತೆಗೆದವರು ಈ ಭಾಗಾಕಾರ ಮಾಡಿರುವುದಿಲ್ಲ.

ಯುಆರ್‌ಎಲ್ ಚಿಕ್ಕದು ಮಾಡುವ ಪ್ರಶ್ನೆ ಬಂದರೂ ಹಾಗೇ. ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ ಸೇರಿ 62, ಏಳು ಅಕ್ಷರದ ಕೋಡ್ ಅಂದರೆ ಸುಮಾರು 3.5 ಲಕ್ಷ ಕೋಟಿ. ಕೋಡ್ ಖಾಲಿಯಾಗುವ ಚಿಂತೆ ಮುಗಿಯಿತು. ಉಳಿದ ಸಮಯವನ್ನು ಎರಡು ರಿಕ್ವೆಸ್ಟ್‌ಗೆ ಒಂದೇ ಕೋಡ್ ಬಂದರೆ ಏನು ಅನ್ನುವುದಕ್ಕೆ ಇಟ್ಟುಕೊಳ್ಳಿ.

ಒಂದು ಕೊಂಕು ಮಾತು ಇಲ್ಲೇ ಹೇಳಿಬಿಡುತ್ತೇನೆ. ‘ಕ್ಯಾಪ್ ಥಿಯರಂ ಪ್ರಕಾರ ಮೂರರಲ್ಲಿ ಎರಡು ಆರಿಸಿಕೊಳ್ಳಬೇಕು’ ಅನ್ನುವ ವಾಕ್ಯ ಬಾಯಿಗೆ ಬಂದರೆ ನುಂಗಿಕೊಳ್ಳಿ. (ಆ ಮೂರು: ಎಲ್ಲ ಕಡೆ ಒಂದೇ ಡೇಟಾ, ಯಾವಾಗಲೂ ಉತ್ತರ, ನೆಟ್‌ವರ್ಕ್ ತುಂಡಾದರೂ ನಡೆಯುವುದು.) ಎರಿಕ್ ಬ್ರೂವರ್ 2000ದಲ್ಲಿ ಇದನ್ನು ಮುಂದಿಟ್ಟರು, ಗಿಲ್ಬರ್ಟ್ ಮತ್ತು ಲಿಂಚ್ 2002ರಲ್ಲಿ ಸಾಬೀತು ಮಾಡಿದರು. ನೆಟ್‌ವರ್ಕ್ ತುಂಡಾಗುವುದು ನಿಮ್ಮ ಆಯ್ಕೆ ಅಲ್ಲವಲ್ಲ, ಅದು ಆಗುತ್ತದೆ. ಆದಾಗ ತಪ್ಪು ಉತ್ತರ ಕೊಡಬಹುದಾ, ಉತ್ತರವೇ ಕೊಡದಿರಬೇಕಾ ಅನ್ನುವುದಷ್ಟೇ ನಿಮ್ಮ ಕೈಲಿರುವುದು. ಬ್ಯಾಲೆನ್ಸ್ ತೋರಿಸುವ ಸ್ಕ್ರೀನ್‌ಗೆ ಒಂದು ಉತ್ತರ, ಲೈಕ್ ಎಣಿಸುವ ಸ್ಕ್ರೀನ್‌ಗೆ ಇನ್ನೊಂದು. ಹಾಗೆ ಹೇಳಿ, ಥಿಯರಂ ಹೆಸರು ಹೇಳದಿದ್ದರೂ ಸರಿ.

ಕಾಫ್ಕಾ ಚಿತ್ರದೊಳಗೆ ತಂದರೆ ಅದರ ಸಾಲ ನೀವೇ ತೀರಿಸಬೇಕು. ಮೆಸೇಜ್‌ಗಳ ಕ್ರಮ ಉಳಿಯುವುದು ಒಂದು ಪಾರ್ಟಿಶನ್ (ಮೆಸೇಜ್‌ಗಳನ್ನು ಹಂಚಿಡುವ ಸಾಲುಗಳಲ್ಲಿ ಒಂದು) ಒಳಗೆ ಮಾತ್ರ, ಹಾಗಾಗಿ ಒಂದು ಆರ್ಡರ್‌ನ ಎಲ್ಲ ಈವೆಂಟ್ ಒಂದೇ ಪಾರ್ಟಿಶನ್‌ಗೆ ಹೋಗಲು ಆರ್ಡರ್ ಐಡಿಯನ್ನೇ ಕೀ ಮಾಡಬೇಕು. ಒಂದು ಕನ್ಸ್ಯೂಮರ್ ಗ್ರೂಪ್‌ನಲ್ಲಿ (ಮೆಸೇಜ್ ಹಂಚಿಕೊಂಡು ಓದುವ ಪ್ರೊಸೆಸ್‌ಗಳ ಗುಂಪು) ಒಂದು ಪಾರ್ಟಿಶನ್ ಅನ್ನು ಒಬ್ಬ ಕನ್ಸ್ಯೂಮರ್ ಮಾತ್ರ ಓದುತ್ತಾನೆ, ಆರು ಪಾರ್ಟಿಶನ್ ಇಟ್ಟು ಹತ್ತು ಕನ್ಸ್ಯೂಮರ್ ಓಡಿಸಿದರೆ ನಾಲ್ಕು ಸುಮ್ನೆ ಕೂತಿರುತ್ತವೆ. ಮೆಸೇಜ್ ಕೆಲಸ ಮುಗಿಸಿ ಆಫ್‌ಸೆಟ್ (ಎಲ್ಲಿವರೆಗೆ ಓದಿ ಆಯಿತು ಅನ್ನುವ ಗುರುತು) ಕಮಿಟ್ ಮಾಡುವ ಮುಂಚೆ ಪ್ರೊಸೆಸ್ ಸತ್ತರೆ ಅದೇ ಮೆಸೇಜ್ ಮತ್ತೆ ಬರುತ್ತದೆ. ಮತ್ತೆ ಐಡೆಂಪೊಟೆನ್ಸಿ! ಇನ್ನು ಡೇಟಾಬೇಸ್ ಕಮಿಟ್ ಆಯಿತು, ಕಾಫ್ಕಾಗೆ ಕಳಿಸುವಷ್ಟರಲ್ಲಿ ಪ್ರೊಸೆಸ್ ಸತ್ತಿತು ಅಂದರೆ? ಆ ಈವೆಂಟ್ ಅನ್ನು ಅದೇ ಟ್ರಾನ್ಸಾಕ್ಷನ್‌ನಲ್ಲಿ ಒಂದು ಔಟ್‌ಬಾಕ್ಸ್ ಟೇಬಲ್‌ಗೆ ಬರೆದು, ಬೇರೆ ಪ್ರೊಸೆಸ್ ಅಲ್ಲಿಂದ ಓದಿ ಕಳಿಸುವ ಹಾಗೆ ಮಾಡಬೇಕು. ಇವು ಗೊತ್ತಿದ್ದರೆ ಕಾಫ್ಕಾ ತನ್ನಿ. ಗೊತ್ತಿಲ್ಲದಿದ್ದರೆ ಡೇಟಾಬೇಸ್‌ನಲ್ಲೇ ಒಂದು ಜಾಬ್ಸ್ ಟೇಬಲ್ ಸಾಕು ಅನ್ನಿ, ತುಂಬಾ ಸಲ ನಿಜವಾಗಿಯೂ ಸಾಕು.

ಗೊತ್ತಿಲ್ಲದ್ದು ಕೇಳಿದರೆ ಗೊತ್ತಿಲ್ಲ ಅನ್ನಿ. ಅಲ್ಲಿಗೇ ನಿಲ್ಲಿಸಬೇಡಿ. ‘ನಾನು ಇದನ್ನು ಬಳಸಿಲ್ಲ. ಆದರೆ ಹೀಗೆ ಇರಬೇಕು ಅನಿಸುತ್ತದೆ, ಖಚಿತ ಮಾಡಿಕೊಳ್ಳಲು ಇದನ್ನು ಓಡಿಸಿ ನೋಡುತ್ತೇನೆ’ ಅಂತ ಒಂದು ಹೆಜ್ಜೆ ಮುಂದೆ ಹೋಗಿ. ಸುತ್ತಿ ಬಳಸಿ ಮಾತಾಡಿದರೆ ಎದುರಿನವರಿಗೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ, ಆಮೇಲೆ ನೀವು ಹೇಳಿದ ಸರಿ ಉತ್ತರಗಳ ಮೇಲೂ ಅನುಮಾನ ಶುರು. ಆನ್‌ಲೈನ್ ಇಂಟರ್‌ವ್ಯೂನಲ್ಲಿ ಪಕ್ಕದ ಸ್ಕ್ರೀನ್‌ನಲ್ಲಿ ಎಐ ಇಟ್ಟುಕೊಂಡು ಓದುವವರದ್ದೂ ಇದೇ ಪಾಡು. ಮೊದಲ ಉತ್ತರ ಅಚ್ಚುಕಟ್ಟಾಗಿ ಬರುತ್ತದೆ, ‘ನಿಮ್ಮ ಪ್ರಾಜೆಕ್ಟ್‌ನಲ್ಲಿ ಇದನ್ನು ಎಲ್ಲಿ ನೋಡಿದಿರಿ’ ಅಂದಾಗ ಮಾತು ನಿಲ್ಲುತ್ತದೆ. ಬಳಸಲು ಅವಕಾಶ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ, ಕೆಲವರು ಕೊಡುತ್ತಾರೆ.

ಒಂದು ಪ್ರೊಡಕ್ಷನ್ ತೊಂದರೆಯ ಕಥೆ ಸಿದ್ಧ ಇಟ್ಟುಕೊಳ್ಳಿ, ಯಾವ ಕಂಪನಿಯಾದರೂ ಕೇಳುತ್ತಾರೆ. ಹೇಗೆ ಗೊತ್ತಾಯಿತು, ಅಲರ್ಟ್ ಬಂತಾ ಅಥವಾ ಗ್ರಾಹಕರು ಫೋನ್ ಮಾಡಿದರಾ. ಮೊದಲು ಏನು ಮಾಡಿದಿರಿ. ಇಲ್ಲಿ ಕಾರಣ ಹುಡುಕಲು ಕೂತೆ ಅನ್ನುವವರಿಗಿಂತ, ಮೊದಲು ಹಿಂದಿನ ವರ್ಷನ್‌ಗೆ ರೋಲ್‌ಬ್ಯಾಕ್ ಮಾಡಿ ಆಮೇಲೆ ಲಾಗ್ ನೋಡಿದೆ ಅನ್ನುವವರ ಮೇಲೆ ನಂಬಿಕೆ ಜಾಸ್ತಿ ಬರುತ್ತದೆ. ಕಾರಣ ಏನಾಗಿತ್ತು, ಮತ್ತೆ ಆಗದಂತೆ ಏನು ಬದಲಾಯಿಸಿದಿರಿ. ‘ನಾವು ಮಾಡಿದೆವು’ ಅನ್ನುವ ಕಡೆ ‘ಅದರಲ್ಲಿ ನಾನು ಇಷ್ಟು ಮಾಡಿದೆ’ ಅಂತ ಬಿಡಿಸಿ ಹೇಳಿ. ವಿನಯಕ್ಕೆ ಎಲ್ಲವನ್ನೂ ‘ನಾವು’ ಅಂದುಬಿಟ್ಟರೆ ನಿಮ್ಮ ಪಾಲು ಎಷ್ಟು ಅಂತ ಬರೆದುಕೊಳ್ಳುವುದಕ್ಕೆ ಅವರ ಬಳಿ ಏನೂ ಉಳಿಯುವುದಿಲ್ಲ.

ತಯಾರಿ ಹೇಗೆ? ಓದುವುದಕ್ಕಿಂತ ಕೈಯಲ್ಲಿ ಮಾಡಿ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಪೋಸ್ಟ್‌ಗ್ರೆಸ್ ಹಾಕಿ, ಎರಡು ಟರ್ಮಿನಲ್ ತೆರೆದು, ಎರಡರಲ್ಲೂ ಬಿಗಿನ್ ಕೊಟ್ಟು ಮೇಲಿನ ಸ್ಟಾಕ್ ಕಥೆಯನ್ನು ನೀವೇ ಆಡಿ. ಎರಡನೇ ಟರ್ಮಿನಲ್ ಅಪ್‌ಡೇಟ್ ಕೊಟ್ಟಲ್ಲೇ ನಿಂತುಬಿಡುವುದು, ಮೊದಲನೆಯದರಲ್ಲಿ ಕಮಿಟ್ ಒತ್ತಿದ ಕ್ಷಣ ಅದು ಓಡುವುದು, ಇದನ್ನು ಒಮ್ಮೆ ಕಣ್ಣಾರೆ ನೋಡಿದವರು ಮರೆಯುವುದಿಲ್ಲ. ಐಸೊಲೇಶನ್ ಬದಲಾಯಿಸಿ ಮತ್ತೆ ಆಡಿ. ಎರಡು ರೋಗಳನ್ನು ಉಲ್ಟಾ ಕ್ರಮದಲ್ಲಿ ಲಾಕ್ ಮಾಡಿ ಡೆಡ್‌ಲಾಕ್ (ಎರಡೂ ಒಂದಕ್ಕೊಂದು ಕಾದು ನಿಲ್ಲುವುದು) ಬರಿಸಿ. ಆಮೇಲೆ ಸ್ಪ್ರಿಂಗ್ ಬೂಟ್‌ನಲ್ಲಿ ಒಂದು ಪುಟ್ಟ ಎಪಿಐ ಬರೆದು, ಪೂಲ್ ಸೈಜ್ 2 ಮಾಡಿ, ಕ್ವೆರಿಯಲ್ಲಿ ಪಿಜಿ ಸ್ಲೀಪ್ ಫಂಕ್ಷನ್ ಹಾಕಿ ಬೇಕೆಂದೇ ನಿಧಾನ ಮಾಡಿ, ಲೋಡ್ ಟೆಸ್ಟ್ ಓಡಿಸಿ. ಥ್ರೆಡ್ ಡಂಪ್ ತೆಗೆದು ಎಲ್ಲ ಥ್ರೆಡ್ ಎಲ್ಲಿ ನಿಂತಿವೆ ನೋಡಿ. ಹತ್ತು ಲಕ್ಷ ರೋ ಇರುವ ಟೇಬಲ್ ಮಾಡಿ, ಆಫ್‌ಸೆಟ್ (ಇಲ್ಲಿ, ಇಷ್ಟು ರೋ ಬಿಟ್ಟು ಮುಂದಿನದು ಕೊಡು ಅನ್ನುವುದು) ಕೊಟ್ಟು ಕೊನೇ ಪುಟ ಕೇಳಿ, ಅದು ಹಿಂದಿನದ್ದನ್ನೆಲ್ಲ ಓದಿ ಎಸೆಯುವುದನ್ನು ಎಕ್ಸ್‌ಪ್ಲೇನ್‌ನಲ್ಲಿ ನೋಡಿ, ಆಮೇಲೆ ಕೊನೆಯ ಐಡಿ ಹಿಡಿದು ಮುಂದಿನ ಪುಟ ಕೇಳುವ ರೀತಿ ಬರೆದು ಹೋಲಿಸಿ. ಕಸ್ಟಮರ್ ಐಡಿ ಮತ್ತು ದಿನಾಂಕ ಎರಡೂ ಸೇರಿದ ಇಂಡೆಕ್ಸ್ ಮಾಡಿ, ಬರೀ ದಿನಾಂಕದಿಂದ ಹುಡುಕಿದರೆ ಅದು ಯಾಕೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ ಅಂತ ಅಲ್ಲೇ ಕಾಣುತ್ತದೆ. ಕೆಲವು ವಾರಾಂತ್ಯದ ಕೆಲಸ ಇದು.

ಜೊತೆಗೆ, ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಎದುರು ಕೂರಿಸಿಕೊಂಡು ನಿಮ್ಮ ಪ್ರಾಜೆಕ್ಟ್ ವಿವರಿಸಿ. ಅವರು ಬ್ಯಾಕೆಂಡ್‌ನವರೇ ಆಗಬೇಕಿಲ್ಲ. ನೀವು ಹೇಳಿದ ಪ್ರತಿ ವಾಕ್ಯಕ್ಕೂ ‘ಅದು ಬಿದ್ದರೆ?’, ‘ಎರಡು ಸಲ ಬಂದರೆ?’, ‘ಹೇಗೆ ಗೊತ್ತಾಯಿತು?’ ಈ ಮೂರೇ ಕೇಳಲಿ, ಸಾಕು.

ಕೊನೆಗೆ ‘ನಮ್ಮನ್ನೇನಾದರೂ ಕೇಳುವುದಿದೆಯಾ’ ಅಂತ ಬರುತ್ತದಲ್ಲ, ಅದನ್ನು ಸುಮ್ನೆ ಬಿಡಬೇಡಿ. ಆನ್‌ಕಾಲ್ (ತೊಂದರೆಯಾದಾಗ ಎದ್ದು ನೋಡುವ ಸರದಿ) ಹೇಗೆ, ರಾತ್ರಿ ಎಷ್ಟು ಸಲ ಎಬ್ಬಿಸುತ್ತಾರೆ, ಡಿಪ್ಲಾಯ್ ವಾರಕ್ಕೆ ಎಷ್ಟು ಸಲ, ಹಳೇ ಕೋಡ್ ಸರಿ ಮಾಡಲು ಸಮಯ ಕೊಡುತ್ತಾರಾ. ಉತ್ತರ ಹೇಳುವಾಗ ಅವರ ಮುಖ ನೋಡಿ, ಆನ್‌ಕಾಲ್ ಅಂದ ತಕ್ಷಣ ಇಬ್ಬರು ಪರಸ್ಪರ ನೋಡಿ ನಕ್ಕರೆ ನಿಮಗೆ ವಿಷಯ ಸಿಕ್ಕಿತು.

ಇನ್ನು ಗೋ. ಬೇಡ, ಈಗ ಬೇಡ. ನೀವು ಬಿದ್ದಿರುವುದು ಭಾಷೆಯಿಂದಲ್ಲ. ಮೇಲೆ ಹೇಳಿದ ಸ್ಟಾಕ್, ಟೈಮ್‌ಔಟ್, ಪೂಲ್ ಯಾವುದೂ ಗೋನಲ್ಲಿ ಬರೆದರೆ ಮಾಯ ಆಗುವುದಿಲ್ಲ. ಭಾಷೆ ಯಾವುದಾದರೂ ಸರಿ ಅನ್ನುವ ಕಂಪನಿಗಳೂ ಇವೆ, ಅಲ್ಲಿ ಜಾವಾದಲ್ಲೇ ಧೈರ್ಯವಾಗಿ ಬರೆಯಿರಿ. ನೀವು ಹೋಗಬೇಕೆಂದಿರುವ ಟೀಮ್ ಗೋ ಕಡ್ಡಾಯ ಅಂತ ಹಾಕಿದ್ದರೆ ಮಾತ್ರ, ಮೇಲಿನ ಪ್ರಯೋಗಗಳನ್ನೇ ಗೋನಲ್ಲಿ ಇನ್ನೊಮ್ಮೆ ಬರೆದು ಗೊರೂಟೀನ್, ಚಾನೆಲ್, ಕಾಂಟೆಕ್ಸ್ಟ್ ಕ್ಯಾನ್ಸಲ್ ಮಾಡುವುದು ಇಷ್ಟು ಕೈಗೆ ಹತ್ತಿಸಿಕೊಳ್ಳಿ. ಮೊದಲು ಜಾವಾದಲ್ಲಿ ಮಾಡಿ ಮುಗಿಸಿ.